ಮಲ್ಟಿಮೀಟರ್ ಮಾಪನ: ಚರಿತ್ರೆ ಮತ್ತು ನಿಖರತೆ

ಮಲ್ಟಿಮೀಟರ್: ವೋಲ್ಟೇಜ್, ವಿದ್ಯುತ್ಪ್ರವಾಹ ಮತ್ತು ರೋಧ ಮೂರನ್ನೂ ಅಳೆಯುವ ಉಪಕರಣ. 1880ರ ದಶಕದಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಮತ್ತು ಅಮೆರಿಕದ ಎಡ್ವರ್ಡ್ ವೆಸ್ಟನ್ ಬೆಳೆಸಿದ ಚಲಿಸುವ ಸುರುಳಿಯ ಮೀಟರು ಇದರ ಮೂಲ. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ‘ಆವೋ’ ಮೀಟರ್ 1923ರಲ್ಲಿ ಮಾರುಕಟ್ಟೆಗೆ ಬಂತು. 1950ರ ದಶಕದಲ್ಲಿ ಆಂಡ್ರ್ಯೂ ಕೇ ಅಮೆರಿಕದಲ್ಲಿ ಡಿಜಿಟಲ್ ವೋಲ್ಟ್‌ಮೀಟರ್ ತಯಾರಿಸಿದರು. ಮುಳ್ಳು ಹೋಗಿ ಅಂಕಿ ಬಂದಂತೆ ನಿಖರತೆಯೂ ಬಂತೆಂದು ಈ ಚರಿತ್ರೆಯನ್ನು ಹೇಳುವುದು ರೂಢಿ. ಅದು ಅರ್ಧ ಸತ್ಯ. ಅಳೆಯುವ ಹೊತ್ತಿನಲ್ಲಿ ಮೀಟರೂ ವಿದ್ಯುತ್ ಮಂಡಲದ ಒಂದು ಭಾಗವಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಷ್ಟೇ ನಿಖರತೆ ದಕ್ಕುತ್ತದೆ.

ಕರ್ನಾಟಕದ ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆದ ಕ್ರಮದಲ್ಲೇ ಇದಕ್ಕೆ ಉದಾಹರಣೆಗಳಿವೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವ್ ಮಂಡಲಗಳಲ್ಲಿ ಹೆಚ್ಚಿನ ರೋಧಗಳು ಸಾಮಾನ್ಯ. 10 ವೋಲ್ಟ್‌ಗೆ ಸರಣಿಯಲ್ಲಿ ಸೇರಿಸಿದ ಎರಡು 100 ಕಿಲೋಓಮ್ ರೋಧಕಗಳ ನಡುವೆ ಇರುವುದು 5 ವೋಲ್ಟ್. ವೋಲ್ಟಿಗೆ 20,000 ಓಮ್ ಸಂವೇದನೆಯ ಮುಳ್ಳಿನ ಮೀಟರನ್ನು 10 ವೋಲ್ಟ್ ಶ್ರೇಣಿಯಲ್ಲಿಟ್ಟು ಅಳೆದರೆ ಅದು 4 ವೋಲ್ಟ್ ತೋರಿಸುತ್ತದೆ. ಮೀಟರು ಕೆಟ್ಟಿಲ್ಲ, ಅದರ 200 ಕಿಲೋಓಮ್ ಒಳರೋಧ ಮಂಡಲವನ್ನೇ ಬದಲಿಸಿದೆ. ಜರ್ಮೇನಿಯಂ ಡಯೋಡಿನದು ಇನ್ನೊಂದು ಪಾಠ: ಓಮ್ ಶ್ರೇಣಿ ಬದಲಿಸಿದರೆ ಪರೀಕ್ಷಾ ಪ್ರವಾಹ ಬದಲಾಗಿ, ಅದೇ ಡಯೋಡು ಬೇರೆ ರೋಧ ತೋರಿಸುತ್ತದೆ. ಆದ್ದರಿಂದ ಅರೆವಾಹಕದ ರೋಧವೆಂಬುದು ಪ್ರವಾಹವನ್ನು ಹೇಳದೆ ಅರ್ಥವಾಗದ ಸಂಖ್ಯೆ.

ಡಿಜಿಟಲ್ ಮೀಟರು ಈ ತೊಡಕನ್ನು ಮುಗಿಸಿತಲ್ಲವೇ ಎಂದು ಕೇಳಬಹುದು. ಸಾಮಾನ್ಯವಾಗಿ 10 ಮೆಗಾಓಮ್ ಒಳರೋಧವಿರುವ ಅದು ಮೇಲಿನ ಮಂಡಲದಲ್ಲಿ ಸುಮಾರು 4.98 ವೋಲ್ಟ್ ತೋರಿಸುತ್ತದೆ, ಲಾಭ ನಿಜವಾದದ್ದೇ. ಆದರೆ ಚಿಕ್ಕ ರೋಧಗಳಲ್ಲಿ ದೋಷ ಜಾಗ ಬದಲಿಸುತ್ತದೆ. ತಂತಿಗಳದೇ 0.3 ಓಮ್ ಇದ್ದರೆ 1 ಓಮ್ ರೋಧಕ 1.3 ಎಂದು ಕಾಣುತ್ತದೆ. ಪ್ರವಾಹಕ್ಕೊಂದು, ವೋಲ್ಟೇಜಿಗೊಂದು ಜೋಡಿ ತಂತಿ ಬಳಸುವ, ಕೆಲ್ವಿನ್ ಹೆಸರಿನ ನಾಲ್ಕು ತಂತಿಗಳ ವಿಧಾನವೇ ಇದಕ್ಕೆ ಪರಿಹಾರ. ಮೆಗಾಓಮ್ ರೋಧಕದ ಎರಡು ತುದಿಗಳನ್ನೂ ಬೆರಳಲ್ಲಿ ಹಿಡಿದರೆ ಮೈಯ ರೋಧವೂ ಸಮಾಂತರವಾಗಿ ಸೇರುತ್ತದೆ. ಬೆವರು ಒಣಗದ ಕರಾವಳಿಯಲ್ಲಿ ಈ ದೋಷ ದೊಡ್ಡದು. ಬೋರ್ಡಿನಿಂದ ಒಂದು ತುದಿಯನ್ನಾದರೂ ಬಿಡಿಸದಿದ್ದರೆ ಅಕ್ಕಪಕ್ಕದ ಬಿಡಿಭಾಗಗಳೂ ಲೆಕ್ಕಕ್ಕೆ ಬರುತ್ತವೆ.

ಮೆಲ್ಕಾರ್‌ನಂಥ ಹೆದ್ದಾರಿ ಪೇಟೆಯ ರಿಪೇರಿ ಕೆಲಸಕ್ಕೆ ಇಷ್ಟೆಲ್ಲ ಬೇಕೇ ಎಂಬ ಆಕ್ಷೇಪವೂ ನ್ಯಾಯವೇ. ಫ್ಯೂಸ್ ಹೋಗಿದೆಯೇ ಎಂದು ನೋಡಲು ಬೇಕಿಲ್ಲ. ಆದರೆ ಒಳ್ಳೆಯ ಭಾಗವನ್ನು ಕೆಟ್ಟದ್ದೆಂದು ಎಸೆಯುವುದು, ಕೆಟ್ಟದ್ದನ್ನು ಉಳಿಸಿಕೊಳ್ಳುವುದು ಹೆಚ್ಚಾಗಿ ಈ ದೋಷಗಳಿಂದಲೇ. ತಂತಿಗಳನ್ನು ಕೂಡಿಸಿ ಅವುಗಳ ರೋಧ ಕಳೆಯುವುದಕ್ಕೂ ಒಂದು ತುದಿ ಬಿಡಿಸುವುದಕ್ಕೂ ಹೊಸ ಉಪಕರಣವೇನೂ ಬೇಡ. ದುಬಾರಿ ಮೀಟರು ಇಂಥ ಎಚ್ಚರಕ್ಕೆ ಬದಲಿಯಾಗದು. ಎಚ್ಚರವಿದ್ದರೆ ಸಾಧಾರಣ ಮೀಟರೂ ಬಹುಪಾಲು ದುರಸ್ತಿಗೆ ಸಾಕು.