ಹೋಗುವ ದೇಶದಲ್ಲಿ ರೋಗ ಹಬ್ಬಿದರೆ: ಪ್ರವಾಸ ರದ್ದುಪಡಿಸಬೇಕೇ, ಬೇಡವೇ?

ಟಿಕೆಟ್ ಕೊಂಡಾಗಿದೆ, ವೀಸಾ ಕೈಸೇರಿದೆ, ಕಚೇರಿಯಲ್ಲಿ ರಜೆಯೂ ಮಂಜೂರಾಗಿದೆ. ಅಷ್ಟರಲ್ಲಿ, ಹೋಗಬೇಕಿರುವ ದೇಶದಲ್ಲಿ ಯಾವುದೋ ರೋಗ ಹಬ್ಬಿದೆ ಎಂಬ ವಾರ್ತೆ ಬರುತ್ತದೆ. ಮನೆಯ ಹಿರಿಯರು 'ಈ ಸಲ ಬೇಡ' ಎನ್ನುತ್ತಾರೆ. ಟ್ರಾವೆಲ್ ಏಜೆಂಟರು 'ಅಲ್ಲಿ ಅಂಥದ್ದೇನೂ ಇಲ್ಲ ಸಾರ್' ಎನ್ನುತ್ತಾರೆ. ಒಂದು ಕಡೆ ಲಕ್ಷಗಟ್ಟಲೆ ರೂಪಾಯಿ, ಇನ್ನೊಂದು ಕಡೆ ಕುಟುಂಬದ ಆರೋಗ್ಯ. ನಿರ್ಧಾರ ಕೈಗೊಳ್ಳಬೇಕಾದ ಮನೆಯ ಯಜಮಾನರಿಗೆ ಇಬ್ಬರ ಮಾತೂ ಸಾಲದು.

2003ರ ಸಾರ್ಸ್‌ನಿಂದ ಮೊದಲ್ಗೊಂಡು 2020ರ ಕೋವಿಡ್‌ವರೆಗಿನ ಸಾಂಕ್ರಾಮಿಕಗಳ ಇತಿಹಾಸವನ್ನು ಪ್ರವಾಸಿಯ ದೃಷ್ಟಿಯಿಂದ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರವಾಸಿಯ ಎದುರಿಗೆ ಎರಡು ಬೇರೆ ಬೇರೆ ಅಪಾಯಗಳಿರುತ್ತವೆ: ಒಂದು ರೋಗ, ಇನ್ನೊಂದು ರೋಗದ ನಿಮಿತ್ತ ಸರಕಾರಗಳು ಹೊರಡಿಸುವ ಆದೇಶ. ಮೊದಲನೆಯದನ್ನು ಜನರು ಬಹುಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಾರೆ. ಎರಡನೆಯದು ವಿಮಾನ ನಿಲ್ದಾಣದಲ್ಲಿ ಬಾಗಿಲು ಮುಚ್ಚುವವರೆಗೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇವೆರಡನ್ನೂ ಪ್ರತ್ಯೇಕವಾಗಿ ತೂಗಿ ನೋಡುವುದು ಅಗತ್ಯ.

ಮೊದಲು ಭೂಪಟ

2014ರಲ್ಲಿ ಎಬೋಲಾ ಉಲ್ಬಣಿಸಿದ್ದು ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ ಹಾಗೂ ಸಿಯೆರಾ ಲಿಯೋನ್ ದೇಶಗಳಲ್ಲಿ. 2016ರಲ್ಲಿ ಅದು ಕೊನೆಗೊಳ್ಳುವ ವೇಳೆಗೆ 28 ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿ, 11 ಸಾವಿರಕ್ಕೂ ಅಧಿಕ ಜನ ಅಸುನೀಗಿದ್ದರು. ಆದರೆ ಅದೇ ಅವಧಿಯಲ್ಲಿ ಪ್ರವಾಸಿಗರು ರದ್ದುಪಡಿಸಿದ್ದು ಪೂರ್ವದ ಕೀನ್ಯಾ, ಟಾಂಜಾನಿಯಾಗಳ ಸಫಾರಿಗಳನ್ನು! ಕೀನ್ಯಾದ ನೈರೋಬಿಗೂ ಲೈಬೀರಿಯಾದ ಮನ್ರೋವಿಯಾಕ್ಕೂ ನಡುವಣ ಅಂತರ 5 ಸಾವಿರ ಕಿಲೋಮೀಟರಿಗೂ ಅಧಿಕ. ಅಂದರೆ ಬೆಂಗಳೂರು-ದೆಹಲಿ ನಡುವಣ ವಾಯುಮಾರ್ಗದ ಸುಮಾರು ಮೂರು ಪಟ್ಟು. ಆಫ್ರಿಕಾ ಎಂಬುದು ಒಂದೇ ಊರು ಎಂಬ ಭಾವನೆ ಇದರ ಹಿಂದಿತ್ತೆನ್ನಬೇಕು. ರೋಗ ನಿಜವಾಗಿಯೂ ಕಾಲಿಟ್ಟಿದ್ದ ನೈಜೀರಿಯಾದಲ್ಲಿ ಸಹ ಅದು 20 ಪ್ರಕರಣ, 8 ಸಾವುಗಳಿಗೆ ನಿಂತಿತು.

ಭಾರತವೂ ಇದೇ ಬಗೆಯ ಅನುಭವಕ್ಕೆ ಗುರಿಯಾಗಿದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಕೊಲ್ಲಿಯ ಹಲವು ರಾಷ್ಟ್ರಗಳು ಇಡೀ ಭಾರತದೊಂದಿಗಿನ ವಿಮಾನ ಸಂಪರ್ಕವನ್ನು ಕಡಿದುಕೊಂಡವು. ಸೂರತ್‌ನ ಹೆಸರನ್ನು ಪತ್ರಿಕೆಯಲ್ಲಷ್ಟೇ ಓದಿದ್ದ ದಕ್ಷಿಣದ ಪ್ರಯಾಣಿಕರಿಗೂ ಆ ನಿರ್ಬಂಧ ತಪ್ಪಲಿಲ್ಲ.

ಆದ್ದರಿಂದ ದೇಶದ ಹೆಸರಿಗಿಂತ ಪ್ರಾಂತ್ಯ, ನಗರ, ಜಿಲ್ಲೆಯ ಹೆಸರು ಮುಖ್ಯ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಪ್ರಯಾಣಿಕರಿಗಾಗಿ ದೇಶವಾರು ಸೂಚನೆಗಳನ್ನು ಹಂತಗಳಲ್ಲಿ ವಿಂಗಡಿಸಿ ಪ್ರಕಟಿಸುತ್ತದೆ. ಅವು ಅಮೆರಿಕನ್ನರಿಗಾಗಿ ಬರೆದವಾದರೂ ರೋಗ ಎಲ್ಲಿದೆ ಎಂಬುದನ್ನು ತಿಳಿಯಲು ನಮಗೂ ಉಪಯುಕ್ತ.

ಹರಡುವ ಬಗೆ, ಹೋಗುವವರು ಯಾರು

ರೋಗ ಹರಡುವ ಬಗೆಯನ್ನು ತಿಳಿಯದೆ ಪ್ರಕರಣಗಳ ಸಂಖ್ಯೆಯನ್ನು ಮಾತ್ರ ನೋಡಿದರೆ ದಾರಿ ತಪ್ಪುವುದು ಖಂಡಿತ. 2003ರ ಫೆಬ್ರವರಿ 21ರಂದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದ ಅಸ್ವಸ್ಥ ವೈದ್ಯರೊಬ್ಬರು ಹಾಂಗ್‌ಕಾಂಗ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ತಂಗಿದ್ದರು. ಆ ಹೋಟೆಲಿನಲ್ಲಿದ್ದ ಇತರ ಅತಿಥಿಗಳ ಮೂಲಕ ಸಾರ್ಸ್ ವಿಯೆಟ್ನಾಂ, ಸಿಂಗಪುರ ಹಾಗೂ ಕೆನಡಾ ತಲುಪಿತು. ಪ್ರವಾಸಿಗನಿಗೆ ಸೋಂಕು ತಗುಲುವುದೇ ಇಲ್ಲ ಎನ್ನಲು ಬರುವುದಿಲ್ಲ ಎಂಬುದಕ್ಕೆ ಈ ಹೋಟೆಲೇ ಸಾಕ್ಷಿ. ಆದರೆ ಅಲ್ಲಿಂದ ಮುಂದೆ ಸಿಂಗಪುರದಲ್ಲಿಯೂ ಕೆನಡಾದ ಟೊರಾಂಟೊದಲ್ಲಿಯೂ ರೋಗ ಹಬ್ಬಿದ್ದು ಹೆಚ್ಚಾಗಿ ಆಸ್ಪತ್ರೆಗಳ ಒಳಗೆ, ದಾದಿಯರು, ವೈದ್ಯರು, ರೋಗಿಗಳು ಹಾಗೂ ಅವರನ್ನು ನೋಡಲು ಬಂದವರ ನಡುವೆ. ಸಿಂಗಪುರದ ಒಟ್ಟು ಪ್ರಕರಣಗಳು 238, ಸಾವು 33. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮರ್ಸ್ ಕಾಣಿಸಿಕೊಂಡಾಗಲೂ ಹೀಗೆಯೇ ಆಯಿತು: 186 ಪ್ರಕರಣ, 38 ಸಾವು, ಬಹುತೇಕ ಎಲ್ಲವೂ ಆಸ್ಪತ್ರೆಯ ಸೋಂಕು. ಆದರೂ ಆ ಜೂನ್ ತಿಂಗಳಲ್ಲಿ ಅಲ್ಲಿಗೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇಕಡ 40ರಷ್ಟು ಕುಸಿದಿತ್ತು.

ಅರಮನೆ, ಅಂಗಡಿಬೀದಿ ಸುತ್ತಿ ಬರುವ ಆರೋಗ್ಯವಂತರಿಗೆ ಇಂಥ ರೋಗದ ಅಪಾಯ ಅಲ್ಪ. ಅದೇ ತಂಡದಲ್ಲಿ ಹೃದ್ರೋಗಿಯೋ, ಡಯಾಲಿಸಿಸ್ ಪಡೆಯುವವರೋ ಇದ್ದರೆ ಲೆಕ್ಕವೇ ತಿರುಗುಮುರುಗಾಗುತ್ತದೆ. ರೋಗ ಎಲ್ಲಿದೆಯೋ ಅದೇ ಆಸ್ಪತ್ರೆಯ ಬಾಗಿಲಿಗೆ ಅವರು ಹೋಗಬೇಕಾದೀತು. ಅಂಥವರು ಪ್ರವಾಸ ಮುಂದೂಡುವುದೇ ಲೇಸು.

ಸೊಳ್ಳೆಯಿಂದ ಹರಡುವ ರೋಗಗಳ ಮಾತು ಬೇರೆ. ಥಾಯ್ಲೆಂಡಿನಲ್ಲೋ ಬಾಲಿಯಲ್ಲೋ ಡೆಂಗಿ ಹೆಚ್ಚಿದೆ ಎಂದು ಬೆಂಗಳೂರಿನವರು ಟಿಕೆಟ್ ರದ್ದುಪಡಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. 2024ರಲ್ಲಿ ಕರ್ನಾಟಕ ಸರಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತ್ತು. 2006ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂರನೆಯ ಒಂದು ಭಾಗದಷ್ಟು ಜನರನ್ನು ಚಿಕುನ್‌ಗುನ್ಯಾ ಹಾಸಿಗೆ ಹಿಡಿಸಿತ್ತು. ಅದೇ ವರ್ಷ ನಮ್ಮ ರಾಜ್ಯದಲ್ಲಿ 7 ಲಕ್ಷಕ್ಕೂ ಅಧಿಕ ಶಂಕಿತ ಪ್ರಕರಣಗಳಿದ್ದವು. ಮನೆಯಲ್ಲಿ ಕಚ್ಚುವ ಸೊಳ್ಳೆಗೆ ಹೆದರದವರು ಅಲ್ಲಿಯ ಸೊಳ್ಳೆಗೆ ಹೆದರಿ ಫಲವೇನು? ಮೈಮುಚ್ಚುವ ಉಡುಪು, ಸೊಳ್ಳೆ ನಿವಾರಕ ಮುಲಾಮು, ಹವಾನಿಯಂತ್ರಿತ ಕೊಠಡಿ ಇದ್ದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಈ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯನ್ನಷ್ಟೇ ನೆಚ್ಚುವಂತಿಲ್ಲ. ಹಿಂದೊಮ್ಮೆ ಡೆಂಗಿ ಬಂದವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು. ಬೇರೊಂದು ತಳಿಯ ವೈರಾಣುವಿನಿಂದ ಎರಡನೆಯ ಬಾರಿ ಬರುವ ಡೆಂಗಿ ತೀವ್ರ ಸ್ವರೂಪ ತಾಳುವ ಸಾಧ್ಯತೆ ಹೆಚ್ಚು.

ಸೊಳ್ಳೆಯಿಂದಲೇ ಹರಡಿದರೂ ಝೀಕಾ ಈ ಮಾತಿಗೆ ಅಪವಾದ. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಝೀಕಾಗೆ ಸಂಬಂಧಿಸಿದಂತೆ ತುರ್ತುಸ್ಥಿತಿ ಘೋಷಿಸಿತು. ಆ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ರಿಯೊ ನಗರದಲ್ಲಿ ಒಲಿಂಪಿಕ್ಸ್ ನಡೆಯಬೇಕಿತ್ತು. ಕ್ರೀಡಾಕೂಟವನ್ನು ಮುಂದೂಡಬೇಕು ಇಲ್ಲವೇ ಸ್ಥಳಾಂತರಿಸಬೇಕು ಎಂದು ನೂರಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದರು. ಸಂಸ್ಥೆ ಒಪ್ಪಲಿಲ್ಲ. ಆದರೆ ಗರ್ಭಿಣಿಯರು ಹೋಗಕೂಡದು ಎಂದು ಸ್ಪಷ್ಟವಾಗಿ ಹೇಳಿತು. ಆಗಸ್ಟ್ ಅಲ್ಲಿ ಚಳಿಗಾಲ, ಸೊಳ್ಳೆ ಕಡಿಮೆ. ಕೂಟ ಮುಗಿದಾಗ ಕ್ರೀಡಾಪಟುಗಳಲ್ಲಾಗಲಿ ಪ್ರೇಕ್ಷಕರಲ್ಲಾಗಲಿ ದೃಢಪಟ್ಟ ಝೀಕಾ ಪ್ರಕರಣಗಳು ವರದಿಯಾಗಿರಲಿಲ್ಲ. ಎರಡು ಸಲಹೆಗಳೂ ಸರಿಯಾಗಿದ್ದವು ಎಂಬುದು ಗಮನಾರ್ಹ: ಸಾಮಾನ್ಯರು ಹೋಗಬಹುದಿತ್ತು, ಗರ್ಭಿಣಿ ಹೋಗಬಾರದಿತ್ತು. ಒಂದೇ ಮನೆಯ ಇಬ್ಬರಿಗೆ ಎರಡು ಉತ್ತರ ಇರಬಹುದು. ಝೀಕಾ ದೈಹಿಕ ಸಂಪರ್ಕದಿಂದಲೂ ಹರಡುವ ಕಾರಣ, ಸೋಂಕಿರುವ ಪ್ರದೇಶದಿಂದ ಮರಳಿದ ಪುರುಷರು 3 ತಿಂಗಳು, ಮಹಿಳೆಯರು 2 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ಸಂಸ್ಥೆಯ ಸಲಹೆ. ಮಧುಚಂದ್ರಕ್ಕೆ ಹೊರಟ ನವದಂಪತಿಗಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ಗಾಳಿಯ ಮೂಲಕ, ಅದರಲ್ಲೂ ರೋಗಲಕ್ಷಣ ಕಾಣುವ ಮೊದಲೇ ಹರಡುವ ಹೊಸ ರೋಗವಾದರೆ ವೈಯಕ್ತಿಕ ಎಚ್ಚರಿಕೆಗೆ ಮಿತಿಯಿದೆ. ಕೋವಿಡ್ ಇದನ್ನು ತೋರಿಸಿಕೊಟ್ಟಿತು. ಇಲ್ಲಿ ಪ್ರಯಾಣಿಕನ ಜತೆಗೆ ಮನೆಯಲ್ಲಿ ಉಳಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರಳಿ ಬಂದು ಸೇರುವುದು ಎಂಬತ್ತರ ಅಜ್ಜಿ ಇರುವ ಮನೆಯನ್ನಾದರೆ ಹುಷಾರಾಗಿರಬೇಕಾದ್ದು ಅಜ್ಜಿಗಾಗಿ.

ಬಾಗಿಲು ಮುಚ್ಚುವ ಆದೇಶ

ಕೋವಿಡ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಘೋಷಿಸಿದ್ದು 2020ರ ಜನವರಿ 30ರಂದು. ಭಾರತ ಮಾರ್ಚ್ 13ರಿಂದ ಬಹುತೇಕ ವೀಸಾಗಳನ್ನು ಅಮಾನತುಗೊಳಿಸಿತು. ಮಾರ್ಚ್ 17ರಂದು ಮಲೇಷ್ಯಾ, ಫಿಲಿಪ್ಪೀನ್ಸ್ ಹಾಗೂ ಅಫ್ಘಾನಿಸ್ತಾನದಿಂದ ಬರುವ ಪ್ರಯಾಣಿಕರಿಗೆ ಅಂದಿನಿಂದಲೇ ನಿಷೇಧ ಜಾರಿಯಾಯಿತು. ಅದು ಭಾರತೀಯರಿಗೂ ಅನ್ವಯಿಸಿತ್ತು. ಟಿಕೆಟ್ ಕೈಯಲ್ಲಿದ್ದವರು ಕ್ವಾಲಾಲಂಪುರದ ನಿಲ್ದಾಣದಲ್ಲಿಯೇ ಉಳಿದರು. ಐದು ದಿನಗಳ ಬಳಿಕ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳೇ ನಿಂತವು. ಮೊದಲು ಒಂದು ವಾರಕ್ಕೆಂದು ಹೇಳಲಾಗಿತ್ತು. ನಿಗದಿತ ಸೇವೆ ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು. ನಡುವೆ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆ 2020ರ ಮೇ 7ಕ್ಕೆ ಆರಂಭವಾಯಿತು, ಅದರ ಟಿಕೆಟ್ ಹಣವನ್ನು ಪ್ರಯಾಣಿಕರೇ ತೆರಬೇಕಿತ್ತು.

ಅದೇ ವರ್ಷ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ವಿಹಾರ ನೌಕೆಯನ್ನು ತಡೆಹಿಡಿದಾಗ ಅದರಲ್ಲಿ 3,700ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ 138 ಮಂದಿ ಭಾರತೀಯರು, ಬಹುತೇಕ ಸಿಬ್ಬಂದಿ. ಕೊನೆಗೆ 700ಕ್ಕೂ ಅಧಿಕ ಜನರಿಗೆ ಸೋಂಕು ತಗುಲಿತು. ಹೊಸ ಶ್ವಾಸಕೋಶ ರೋಗವೊಂದರ ಆರಂಭದ ವಾರಗಳಲ್ಲಿ ವಿಹಾರ ನೌಕೆಯ ಪ್ರವಾಸ ಹಾಗೂ ಹತ್ತು ದಿನಗಳಲ್ಲಿ ಐದಾರು ದೇಶ ಸುತ್ತಿಸುವ ಪ್ಯಾಕೇಜುಗಳು ರದ್ದುಪಡಿಸಲು ಮೊದಲ ಅರ್ಹತೆ ಪಡೆದವು ಎಂಬುದು ಈ ಲೇಖಕನ ಅಭಿಪ್ರಾಯ. ಪ್ರತಿಯೊಂದು ಗಡಿಯೂ ಒಂದೊಂದು ಸರಕಾರದ ಮರ್ಜಿ. ನೇರ ವಿಮಾನದಲ್ಲಿ ಒಂದೇ ದೇಶಕ್ಕೆ ಹೋಗಿ ಬರುವವರ ಪಾಡು ಅಷ್ಟು ಕಠಿಣವಲ್ಲ.

'ಅಂತಾರಾಷ್ಟ್ರೀಯ ತುರ್ತುಸ್ಥಿತಿ' ಎಂಬ ಘೋಷಣೆಯೇ ಪ್ರಯಾಣ ನಿಷೇಧವೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. 2009ರ ಹಂದಿಜ್ವರಕ್ಕೂ 2024ರ ಎಂಪಾಕ್ಸ್‌ಗೂ ಅಂಥ ಘೋಷಣೆ ಆಗಿತ್ತು. ಆಗ ಸಾಮಾನ್ಯ ಪ್ರಯಾಣವನ್ನು ನಿಲ್ಲಿಸಿ ಎಂದು ಸಂಸ್ಥೆ ಹೇಳಿರಲಿಲ್ಲ. ಅನಿವಾರ್ಯವಲ್ಲದ ಪ್ರಯಾಣ ಬೇಡ ಎಂದು ಊರಿನ ಹೆಸರು ಹಿಡಿದು ಹೇಳಿದ್ದು 2003ರಲ್ಲಿ: ಏಪ್ರಿಲ್ 2ರಂದು ಹಾಂಗ್‌ಕಾಂಗ್, ಗುವಾಂಗ್‌ಡಾಂಗ್, ಏಪ್ರಿಲ್ 23ರಂದು ಬೀಜಿಂಗ್, ಶಾನ್‌ಷಿ, ಟೊರಾಂಟೊ. ಟೊರಾಂಟೊ ಕುರಿತ ಸಲಹೆಯನ್ನು ವಾರ ಕಳೆಯುವಷ್ಟರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ಘೋಷಣೆಗಿಂತ ಮೂರು ಕಡೆಯ ಆದೇಶಗಳನ್ನು ಹೊರಡುವ ದಿನದವರೆಗೂ ಗಮನಿಸುತ್ತಿರಬೇಕು: ಹೋಗುವ ದೇಶದ್ದು, ವಿಮಾನ ಬದಲಿಸುವ ದೇಶದ್ದು, ಮರಳಿ ಬರುವಾಗ ಭಾರತದ್ದು. ಮೂರನೆಯದನ್ನು ಮರೆಯುವವರೇ ಹೆಚ್ಚು. ಉದಾಹರಣೆಗೆ, ಹಳದಿ ಜ್ವರವಿರುವ ಕೀನ್ಯಾದಂಥ ದೇಶದಿಂದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪತ್ರಕ್ಕೆ ಮಾನ್ಯತೆ. 2016ರ ಜುಲೈನಿಂದ ಅದು ಜೀವನಪರ್ಯಂತ ಊರ್ಜಿತ.

ಹಣದ ಲೆಕ್ಕ

'ಇಷ್ಟು ದುಡ್ಡು ಸುರಿದಾಗಿದೆ, ಹೋಗಿಯೇ ಬಿಡೋಣ' ಎಂಬುದು ಕೇಳಲು ಸಹಜವಾದರೂ ಲೆಕ್ಕದಲ್ಲಿ ತಪ್ಪು. ಹೋದರೂ ಬಿಟ್ಟರೂ ಮರಳದ ಹಣವನ್ನು ಪಕ್ಕಕ್ಕಿಡಬೇಕು. ಇಂದು ರದ್ದುಪಡಿಸಿದರೆ ಎಷ್ಟು ಮರಳುತ್ತದೆ, ಹೋಗಿ ಸಿಲುಕಿದರೆ ಇನ್ನೆಷ್ಟು ಖರ್ಚಾದೀತು ಎಂಬ ಎರಡು ಮೊತ್ತಗಳನ್ನಷ್ಟೇ ಹೋಲಿಸಬೇಕು. ಎರಡು ವಾರಗಳ ಹೆಚ್ಚುವರಿ ಹೋಟೆಲ್ ವೆಚ್ಚ, ಹೊಸ ಟಿಕೆಟ್ ಹಾಗೂ ಕಳೆದುಕೊಳ್ಳುವ ಸಂಬಳವನ್ನು ಭರಿಸಲಾರದವರು ಸೋಂಕಿನ ಭಯ ಇಲ್ಲದಿದ್ದರೂ ಹಿಂದೆ ಸರಿಯುವುದು ವಿವೇಕ.

ಆದರೆ ಅವಸರವೂ ಸಲ್ಲ. ನೀವಾಗಿ ರದ್ದುಪಡಿಸಿದರೆ ಟಿಕೆಟ್ಟಿನ ಷರತ್ತಿನಂತೆ ಹಣ ಕಡಿತವಾಗುತ್ತದೆ. ವಿಮಾನ ಸಂಸ್ಥೆಯೇ ಹಾರಾಟ ನಿಲ್ಲಿಸಿದರೆ ಪೂರ್ಣ ಮರುಪಾವತಿ ಅಥವಾ ಬದಲಿ ಪ್ರಯಾಣ ಕೇಳಲು ಹಕ್ಕಿದೆ. ಹೋಟೆಲ್ ಹಾಗೂ ಪ್ಯಾಕೇಜುಗಳಿಗೆ ಇಂತಿಷ್ಟು ದಿನ ಮೊದಲು ಎಂಬ ಗಡುವುಗಳಿರುತ್ತವೆ. ಅವೆಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ, ಮುಂದಿನ ಗಡುವಿನ ಹಿಂದಿನ ದಿನದವರೆಗೆ ಕಾಯುವುದು ಜಾಣತನ. ರದ್ದತಿಗೆ ಮೊದಲು ದಿನಾಂಕ ಬದಲಾವಣೆಯನ್ನು ಕೇಳಬೇಕು. ಬುಕಿಂಗ್‌ಗಳು ಕುಸಿಯುತ್ತಿರುವಾಗ ಸಂಸ್ಥೆಗಳು ಉದಾರವಾಗುವುದುಂಟು. ಕೋವಿಡ್ ಕಾಲದ ಟಿಕೆಟ್ ಹಣದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಅಕ್ಟೋಬರ್ 1ರಂದು ತೀರ್ಪು ಬಂತು. ಅದರಂತೆ ಕೆಲವರಿಗೆ ನಗದಿನ ಬದಲು ಮುಂದಿನ ಪ್ರಯಾಣಕ್ಕೆ ಬಳಸಬಹುದಾದ ಜಮೆಯೂ ದೊರೆಯಿತು.

ವಿಮೆಯನ್ನು ನಂಬಿ ಕೂತವರಿಗೆ ಒಂದು ಮಾತು. ಸಾಮಾನ್ಯ ಪ್ರವಾಸ ವಿಮೆ ಹೊರದೇಶದಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ವೆಚ್ಚ ಭರಿಸುತ್ತದೆ. ರೋಗದ ಭಯದಿಂದ ಮನೆಯಲ್ಲೇ ಉಳಿದವರ ಟಿಕೆಟ್ ಹಣವನ್ನು ಕೊಡುವುದಿಲ್ಲ. ರೋಗದ ಸುದ್ದಿ ಜಗಜ್ಜಾಹೀರಾದ ಮೇಲೆ ಕೊಂಡ ಪಾಲಿಸಿಯಲ್ಲಿ ಆ ರೋಗವನ್ನೇ ಹೊರಗಿಟ್ಟಿರುವ ಸಾಧ್ಯತೆಯೂ ಇದೆ. ಟಿಕೆಟ್ ಕೊಂಡ ದಿನವೇ ವಿಮೆಯನ್ನೂ ಕೊಳ್ಳಬೇಕು. ಸಾಂಕ್ರಾಮಿಕ, ಕ್ವಾರಂಟೈನ್, ಸರಕಾರಿ ನಿರ್ಬಂಧಗಳ ಕುರಿತ ಷರತ್ತನ್ನು ಸಣ್ಣ ಅಕ್ಷರದಲ್ಲಿದ್ದರೂ ಓದಬೇಕು.

ಹೋಗಿ ಬಂದವರ ಲೆಕ್ಕ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ತೋರುತ್ತದೆ, ಎಬೋಲಾಗೆ 21 ದಿನಗಳವರೆಗೂ ಹಿಡಿದೀತು, ಮಲೇರಿಯಾ ಇನ್ನೂ ತಡವಾಗಿ ಬರುವುದುಂಟು. ಮರಳಿದ ಬಳಿಕ ಜ್ವರ ಬಂದರೆ ವೈದ್ಯರ ಬಳಿ ಮೊದಲು ಹೇಳಬೇಕಾದ್ದು ಯಾವ ದೇಶದಲ್ಲಿದ್ದಿರಿ, ಯಾವ ದಿನ ಮರಳಿದಿರಿ ಎಂಬ ವಿವರವನ್ನು.