ಇಯರ್‌ಫೋನ್ ಕೊಳ್ಳುತ್ತೀರಾ? ಗದ್ದಲ ತಡೆಯುವುದು ಬ್ರ್ಯಾಂಡ್ ಅಲ್ಲ, ಟಿಪ್

ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ಹಾಡು ಕೇಳುವವರು ಗದ್ದಲ ಹೆಚ್ಚಿದಂತೆ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಕಿವಿಗೆ ಅಪಾಯ ಇರುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಇದ್ದರೆ ಕಡಿಮೆ ವಾಲ್ಯೂಮ್‌ನಲ್ಲೇ ಹಾಡು ಸ್ಪಷ್ಟವಾಗಿ ಕೇಳುತ್ತದೆ.

‘ನಾಯ್ಸ್ ಐಸೊಲೇಷನ್’ ಬೇರೆ, ‘ನಾಯ್ಸ್ ಕ್ಯಾನ್ಸಲೇಷನ್’ ಬೇರೆ. ಎರಡನೆಯದು ಮೈಕ್‌ನಿಂದ ಸದ್ದು ಗ್ರಹಿಸಿ ಅದಕ್ಕೆ ವಿರುದ್ಧ ಅಲೆ ಹೊರಡಿಸುತ್ತದೆ. ವಿಮಾನದ ಒಂದೇ ಸಮನೆಯ ಮೊರೆತಕ್ಕೆ ಇದು ಸೈ, ಆದರೆ ಬ್ಯಾಟರಿ ಬೇಕು, ಬೆಲೆಯೂ ಹೆಚ್ಚು. ಐಸೊಲೇಷನ್‌ಗೆ ಇದ್ಯಾವುದೂ ಬೇಡ. ಕಿವಿಯ ರಂಧ್ರವನ್ನು ಬಿಗಿಯಾಗಿ ಮುಚ್ಚುವ ಟಿಪ್ ಸಾಕು. ಅಕ್ಕಪಕ್ಕದವರ ಮಾತು, ಬ್ರೇಕಿನ ಕಿರುಚು ತಗ್ಗುತ್ತದೆ. ಟಿಪ್ ಇಲ್ಲದ, ಕಿವಿಯ ಅಂಚಿನಲ್ಲಿ ಕೂರುವ ಇಯರ್‌ಫೋನ್‌ಗಳಿಂದ ಇದನ್ನು ನಿರೀಕ್ಷಿಸಬೇಡಿ.

ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕಾನ್ ಟಿಪ್‌ಗಳಿರುತ್ತವೆ. ಹಲವರು ಮೊದಲೇ ಹಾಕಿರುವುದನ್ನು ಬದಲಿಸುವುದೇ ಇಲ್ಲ! ಬೇಸ್ ಸಪ್ಪೆ ಎನಿಸಿದರೆ ಟಿಪ್ ಸಡಿಲವಾಗಿರಬಹುದು; ವಾಪಸ್ ಮಾಡುವ ಮುನ್ನ ದೊಡ್ಡದನ್ನು ಹಾಕಿ ನೋಡಿ. ಎರಡೂ ಕಿವಿಗೆ ಒಂದೇ ಅಳತೆ ಹೊಂದಬೇಕೆಂದೇನಿಲ್ಲ. ಹಿಸುಕಿ ತೂರಿಸಿದರೆ ಕಿವಿಯೊಳಗೆ ಹಿಗ್ಗುವ ಫೋಮ್ ಟಿಪ್ ಸದ್ದನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬೇಗ ಸವೆಯುತ್ತದೆ. ವೈರ್ ಇರುವುದಾದರೆ ಅದು ಬಟ್ಟೆಗೆ ಉಜ್ಜುವ ಸದ್ದೂ ಕೇಳುತ್ತದೆ. ವೈರನ್ನು ಕಿವಿಯ ಮೇಲಿಂದ ಹಾಯಿಸಿದರೆ ಅದು ಕಡಿಮೆಯಾಗುತ್ತದೆ.

ರಸ್ತೆ ಅಥವಾ ರೈಲ್ವೆ ಕ್ರಾಸಿಂಗ್ ದಾಟುವಾಗ ಮಾತ್ರ ಎರಡನ್ನೂ ಕಿವಿಯಿಂದ ತೆಗೆದಿಡಿ. ಚೆನ್ನಾಗಿ ಕೂತ ಟಿಪ್ ಹಾರ್ನ್ ಸದ್ದನ್ನೂ ತಡೆಯುತ್ತದೆ.