ಅನುದಾನ ನಿರ್ವಹಣೆ (ಗ್ರಾಮೀಣಾಭಿವೃದ್ಧಿ)

ಹಳ್ಳಿಯ ಆರ್ಥಿಕ ಏಳಿಗೆಗೆಂದು ಸರ್ಕಾರವೋ ಸಂಸ್ಥೆಯೋ ಮರಳಿ ಕೇಳದೆ ಕೊಡುವ ಹಣವನ್ನು ಪಡೆದು, ಖರ್ಚು ಮಾಡಿ, ಲೆಕ್ಕ ಒಪ್ಪಿಸುವ ಕೆಲಸ. ಕರ್ನಾಟಕದಲ್ಲಿ ಇದರ ಹೆಚ್ಚಿನ ಭಾರ ಬಿದ್ದಿರುವುದು ಸುಮಾರು 6,000 ಗ್ರಾಮ ಪಂಚಾಯಿತಿಗಳ ಮೇಲೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇದರ ನಡುಗಂಬ. ಕಾರ್ಯದರ್ಶಿ, ಲೆಕ್ಕ ಸಹಾಯಕ, ಡಾಟಾ ಎಂಟ್ರಿ ಆಪರೇಟರ್ ಅವರ ಜೊತೆಗಾರರು. ತಾಲ್ಲೂಕಿನಲ್ಲಿ ಕಾರ್ಯನಿರ್ವಾಹಕ ಅಧಿಕಾರಿಯೂ ಜಿಲ್ಲೆಯಲ್ಲಿ ಮುಖ್ಯ ಲೆಕ್ಕಾಧಿಕಾರಿಯೂ ಮೇಲಿನ ಕೊಂಡಿಗಳು.

ಹಿನ್ನೆಲೆ

ಷರತ್ತಿನ ಮೇಲೆ ಕೊಡುವ ಅನುದಾನ ಕನ್ನಡನಾಡಿಗೆ ಹೊಸದಲ್ಲ. ಶಾಸನಗಳಲ್ಲಿ ಬರುವ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಕೆರೆಯ ಸುತ್ತ ಹುಟ್ಟಿದವು. ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ನಿಲ್ಲಿಸಿದವರಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಡುತ್ತಿದ್ದರು. ಭೂಮಿ ಉಣ್ಣುವವರು ಕೆರೆಯನ್ನು ಸುಸ್ಥಿತಿಯಲ್ಲಿ ಇಡಬೇಕು ಎಂಬುದು ಕರಾರು. ಕೆರೆಯ ನೀರೇ ಆ ಭೂಮಿಗೆ ಆಧಾರ. ಏರಿ ಒಡೆದರೆ ಮೊದಲು ಒಣಗುವುದು ಪಡೆದವರ ಬೆಳೆಯೇ. ದುರಸ್ತಿಯ ಖರ್ಚನ್ನು ಕೊಡುಗೆಯೊಳಗೇ ಹೆಣೆದಿಟ್ಟ ಈ ಜಾಣ್ಮೆ ಇಂದಿನ ಅನುದಾನಗಳಲ್ಲಿ ಅಪರೂಪ. ಈಗ ಕಟ್ಟಡಕ್ಕೆ ಸುಲಭವಾಗಿ ಹಣ ಸಿಗುತ್ತದೆ, ಅದರ ಸುಣ್ಣಬಣ್ಣಕ್ಕೆ ಸಿಗುವುದು ಕಷ್ಟ.

ಆಧುನಿಕ ಚೌಕಟ್ಟು 1959ರ ಪಂಚಾಯಿತಿ ಕಾಯ್ದೆಯಿಂದ ಹೊರಟು, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯನ್ನು ಹಾದು, ಸಂವಿಧಾನದ 73ನೇ ತಿದ್ದುಪಡಿಯ ಬಳಿಕ ಬಂದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ನೆಲೆ ನಿಂತಿತು. ಹಿಂದುಳಿದ ಪ್ರದೇಶಗಳಿಗೆ ಹೆಚ್ಚಿನ ಹಣ ಎಂಬ ನೀತಿಗೆ ಲೆಕ್ಕದ ತಳಹದಿ ಹಾಕಿದ್ದು ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಮುಂದೆ ವಿಶ್ವಬ್ಯಾಂಕ್ ನೆರವಿನ ಗ್ರಾಮ ಸ್ವರಾಜ್ ಯೋಜನೆ ಪಂಚಾಯಿತಿಗಳಿಗೆ ಇಡಿಗಂಟು ಕೊಡುವಾಗ ಹಿಡಿದದ್ದು ಈ 39ರ ಪಟ್ಟಿಯನ್ನೇ.

ಷರತ್ತುಗಳ ಬೆಳವಣಿಗೆ

ಕೇಂದ್ರ ಹಣಕಾಸು ಆಯೋಗಗಳಲ್ಲಿ ಪಂಚಾಯಿತಿಗೆ ಮೊದಲು ಹಣ ತೆಗೆದಿಟ್ಟದ್ದು 10ನೆಯದು. 1971ರ ಜನಗಣತಿಯ ಗ್ರಾಮೀಣ ಜನಸಂಖ್ಯೆಗೆ ತಲೆಗೆ 100 ರೂಪಾಯಿಯಂತೆ, ದೇಶಕ್ಕೆಲ್ಲ ಸೇರಿ ಸುಮಾರು 4,381 ಕೋಟಿ. 11ನೇ ಆಯೋಗ ಐದು ವರ್ಷಕ್ಕೆ 8,000 ಕೋಟಿ, 12ನೆಯದು 20,000 ಕೋಟಿ ಹೇಳಿದವು. 14ನೇ ಆಯೋಗ (2015–20) ಎರಡು ಲಕ್ಷ ಕೋಟಿ ದಾಟಿತು. ಜಿಲ್ಲೆ, ತಾಲ್ಲೂಕುಗಳನ್ನು ಬಿಟ್ಟು ಪೂರ್ತಿ ಹಣವನ್ನು ಗ್ರಾಮ ಪಂಚಾಯಿತಿಗೇ ಕೊಟ್ಟು, ಅದರಲ್ಲಿ ಶೇ 10ನ್ನು ಸಾಧನೆಗೆ ಕಟ್ಟಿಹಾಕಿತು. ಲೆಕ್ಕ ತನಿಖೆ ಮುಗಿಸಿ ಸ್ವಂತ ವರಮಾನ ಹೆಚ್ಚಿಸಿಕೊಂಡವರಿಗೆ ಮಾತ್ರ ಆ ಪಾಲು.

15ನೇ ಆಯೋಗ (2021–26) ಮೂರೂ ಹಂತಗಳನ್ನು ಮರಳಿ ಸೇರಿಸಿಕೊಂಡು 2,36,805 ಕೋಟಿ ಹೇಳಿತು, ಜೊತೆಗೆ ಹಗ್ಗವನ್ನೂ ಬಿಗಿ ಮಾಡಿತು. ಶೇ 60 ಭಾಗ ನಿರ್ಬಂಧಿತ: ಅರ್ಧ ನೈರ್ಮಲ್ಯಕ್ಕೆ, ಅರ್ಧ ನೀರಿಗೆ. ಉಳಿದ ಶೇ 40 ಊರಿನ ಇಷ್ಟ, ಆದರೆ ಸಂಬಳ ಸಾರಿಗೆಗೆ ಮುಟ್ಟುವಂತಿಲ್ಲ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ತನಿಖೆಯಾದ ಲೆಕ್ಕ ಆನ್‌ಲೈನ್‌ನಲ್ಲಿ ಕಾಣಬೇಕು. ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಹಣವಿಲ್ಲ. ಈ ಕೊನೆಯ ಷರತ್ತಿನ ಬಿಸಿ ಕರ್ನಾಟಕಕ್ಕೆ ನೇರವಾಗಿ ತಟ್ಟುವಂಥದು. 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಬಳಿಕ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು.

ನೀರು, ನೈರ್ಮಲ್ಯ ಎರಡೂ ಬೇಕಾದವೇ. ಆದರೆ ಸಂತೆಕಟ್ಟೆ, ಗೋದಾಮು, ಒಕ್ಕಣೆ ಕಣದಂಥ ನೇರ ದುಡಿಮೆಯ ಕಾಮಗಾರಿಗಳೆಲ್ಲ ಆ ಶೇ 40ರಲ್ಲೇ ರಸ್ತೆ, ಬೀದಿದೀಪಗಳ ಜೊತೆ ಪೈಪೋಟಿ ಮಾಡಬೇಕು. ಆರ್ಥಿಕ ಅಭಿವೃದ್ಧಿ ಎಂಬ ಹೆಸರಿನ ಹಣದಲ್ಲಿ ಸಿಮೆಂಟಿನ ಪಾಲು ಜಾಸ್ತಿಯಾಗಲು ಇದೂ ಒಂದು ಕಾರಣ ಎನ್ನಬಹುದು.

ಕೆಲಸದ ನಡೆ

ಚರಂಡಿಯೊಂದನ್ನೇ ಹಿಡಿದು ನೋಡಿದರೆ ಕಸುಬು ತಿಳಿಯುತ್ತದೆ. ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಬೇಡಿಕೆ ಎದ್ದು ಕ್ರಿಯಾ ಯೋಜನೆಗೆ ಸೇರಬೇಕು. ಎಂಜಿನಿಯರ್ ಅಂದಾಜು ಪಟ್ಟಿ ಮಾಡಿ ತಾಂತ್ರಿಕ ಮಂಜೂರಾತಿ ಪಡೆಯಬೇಕು. ಮೊತ್ತಕ್ಕೆ ತಕ್ಕಂತೆ ಪಾರದರ್ಶಕತಾ ಕಾಯ್ದೆ (1999) ಹೇಳುವ ಖರೀದಿ ಕ್ರಮ, ಬಳಿಕ ಕಾರ್ಯಾದೇಶ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆದರೆ ಬಿಲ್ಲಿಗೆ ಜೀವ. ಆಫೀಸಿನಲ್ಲಿ ಎಲ್ಲರೂ ಅದನ್ನು ‘ಎಂಬಿ’ ಎಂದೇ ಕರೆಯುವುದು. ಬಿಲ್ಲಿನಲ್ಲಿ ಶೇ 1 ಕಾರ್ಮಿಕ ಸೆಸ್, ತೆರಿಗೆ, ಜಲ್ಲಿ ಮರಳಿನ ರಾಜಧನ ಮುರಿದುಕೊಳ್ಳಬೇಕು. ಮುರಿದದ್ದನ್ನು ಆಯಾ ಲೆಕ್ಕಶೀರ್ಷಿಕೆಗೆ ಕಟ್ಟದೆ ಮರೆತರೆ ಲೆಕ್ಕ ತನಿಖೆಯಲ್ಲಿ ಆಕ್ಷೇಪಣೆ ಖಾತ್ರಿ.

ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿ ಬೇಕು. ಹಳೆಯ ಚೆಕ್‌ಬುಕ್ಕಿನ ಜಾಗಕ್ಕೆ ಈಗ ಡೋಂಗಲ್ ಬಂದಿದೆ. ಅವಿಶ್ವಾಸ ಗೊತ್ತುವಳಿಯಲ್ಲಿ ಅಧ್ಯಕ್ಷರು ಇಳಿದರೆ ಹೊಸಬರ ಹೆಸರಿನಲ್ಲಿ ಸಹಿ ನೋಂದಣಿ ಆಗುವತನಕ ಖಾತೆಯಲ್ಲಿ ಹಣವಿದ್ದೂ ಬಿಲ್ ಪಾಸಾಗದು. 2020ರ ಏಪ್ರಿಲ್ 24ರಂದು ಬಂದ ಇ-ಗ್ರಾಮಸ್ವರಾಜ್, ರಾಜ್ಯದ್ದೇ ಆದ ಪಂಚತಂತ್ರ ಮತ್ತು ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶಗಳು ಹಾಳೆಯ ಕೆಲಸ ತಗ್ಗಿಸಿದವು. ಒಂದೇ ಚರಂಡಿಯನ್ನು ಒಂದಕ್ಕಿಂತ ಹೆಚ್ಚು ಕಡೆ ನಮೂದಿಸುವ ಕೆಲಸ ಮಾತ್ರ ಹೊಸದಾಗಿ ಸೇರಿತು.

ಈ ಕಸುಬಿನ ಕಠಿಣ ಭಾಗ ನಗದು ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ತಾಳೆ. ಮಾರ್ಚ್ 31ರ ಸಂಜೆ ಎರಡರ ಶಿಲ್ಕು ಒಂದೇ ಬರುವುದು ಕಡಿಮೆ. ಕಳಿಸಿದ ಮೊತ್ತ ಖಾತೆ ಸಂಖ್ಯೆ ತಪ್ಪಿ ಮರಳಿರುತ್ತದೆ, ಬ್ಯಾಂಕ್ ಸದ್ದಿಲ್ಲದೆ ಬಡ್ಡಿ ಜಮಾ ಮಾಡಿರುತ್ತದೆ. ಬಡ್ಡಿ ಯಾರದು? ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಆ ನಿಯಮಗಳಿಗೆ ಒಳಪಟ್ಟ ಅನುದಾನದ ಮೇಲಿನ ಬಡ್ಡಿ ಸರ್ಕಾರಕ್ಕೇ ಮರಳಬೇಕು. ಹಣಬಳಕೆ ಪ್ರಮಾಣಪತ್ರವನ್ನು ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು. ಆ ಪತ್ರದಲ್ಲಿ ಸಹಿ ಮಾಡುವವರು ಹೇಳುವುದು ಹಣ ಮುಗಿಯಿತು ಎಂದಲ್ಲ, ಕೊಟ್ಟ ಉದ್ದೇಶಕ್ಕೇ ಮುಗಿಯಿತು ಎಂದು. ಕಾಮಗಾರಿ ಏಜೆನ್ಸಿಗೆ ಮುಂಗಡ ಕಳಿಸಿ ಅದನ್ನೇ ಖರ್ಚು ಎಂದು ತೋರಿಸುವ ರೂಢಿ ಈ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ಹಳೆಯ ಪತ್ರ ಹೋಗದೆ ಹೊಸ ಕಂತು ಬಾರದು ಎಂಬ ಕಟ್ಟಳೆಯಿಂದ ಸಿಬ್ಬಂದಿ ಇರುವ ಪಂಚಾಯಿತಿಗೆ ಹಣ ಬೇಗ ಬರುತ್ತದೆ. ಇಲ್ಲದ್ದು ಇನ್ನಷ್ಟು ಹಿಂದೆ ಬೀಳುತ್ತದೆ.

ಜೀವನೋಪಾಯ ನಿಧಿಗಳು

ಸಿಮೆಂಟಿನಾಚೆಯ ಅನುದಾನಕ್ಕೆ ಕರ್ನಾಟಕದ್ದೇ ಹಿರಿಯ ಉದಾಹರಣೆ ಇದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಚಿಕ್ಕ ಉಳಿತಾಯ ಸಂಘಗಳಿಗೆ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟಿತು. ಆ ಪ್ರಯೋಗದ ದಾರಿಯಲ್ಲೇ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಹೊರಟಿತು. ಈಗ ಸಂಜೀವಿನಿ ಸಂಸ್ಥೆಯ ಮೂಲಕ ಸುತ್ತುನಿಧಿ, ಸಮುದಾಯ ಬಂಡವಾಳ ನಿಧಿಗಳು ಮಹಿಳಾ ಒಕ್ಕೂಟ ತಲುಪುತ್ತವೆ. ಅಲ್ಲಿ ಲೆಕ್ಕ ಬರೆಯುವವರು ಊರಿನ ಹೆಣ್ಣುಮಗಳೇ ಆದ ಮುಖ್ಯ ಪುಸ್ತಕ ಬರಹಗಾರ್ತಿ, ಎಂಬಿಕೆ. ಒಕ್ಕೂಟಕ್ಕೆ ಅನುದಾನವಾಗಿ ಬಂದ ಹಣ ಸದಸ್ಯೆಗೆ ಸಾಲವಾಗಿ ಹೋಗಿ ಮರಳಿ ಬರುವುದರಿಂದ ಲೆಕ್ಕ ಕಣ್ಣೆದುರೇ ತಿರುಗುತ್ತಿರುತ್ತದೆ.

ಸ್ವಯಂಸೇವಾ ಸಂಸ್ಥೆಗಳ ಮಟ್ಟಿಗೆ 2020ರ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ ದೊಡ್ಡ ತಿರುವು. ಪಡೆದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವುದು ನಿಂತಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು.

ಜಮಾಬಂದಿ

ಕಂದಾಯ ಇಲಾಖೆಯ ಈ ಹಳೆಯ ಪದ ಕರ್ನಾಟಕದ ಪಂಚಾಯಿತಿಗಳಲ್ಲಿ ಬೇರೆ ಅರ್ಥ ಪಡೆದಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು. ನಗದು ಪುಸ್ತಕ, ಓಚರು, ಎಂಬಿ ಎಲ್ಲ ಅಂದು ಮೇಜಿನ ಮೇಲಿರಬೇಕು. ಕಡತದಲ್ಲಿ ಬರೆದ ಚರಂಡಿಯ ಉದ್ದವನ್ನು ಸ್ಥಳಕ್ಕೇ ಹೋಗಿ ತಾಳೆ ನೋಡೋಣ ಎಂದು ಊರಿನ ಯಾರು ಬೇಕಾದರೂ ಅಂದು ಕೇಳಬಹುದು.